ಮಹಾಜನ: ಒಂದು ಪದದ ಅರ್ಥಚರಿತ್ರೆ

ಮಹಾಜನ ಎಂಬ ಸಂಸ್ಕೃತ ಪದಕ್ಕೆ ಹಿರಿಯರು ಎಂಬ ಅರ್ಥವೂ ಉಂಟು, ಬಹುಜನ ಎಂಬ ಅರ್ಥವೂ ಉಂಟು. ಮಹಾಭಾರತದ ಯಕ್ಷಪ್ರಶ್ನೆಯಲ್ಲಿ ಬರುವ ಈ ಪದವನ್ನು ವ್ಯಾಖ್ಯಾನಕಾರರು ಎರಡೂ ಬಗೆಯಲ್ಲಿ ಬಿಡಿಸಿದ್ದಾರೆ.

ಕನ್ನಡ ಶಾಸನಗಳಲ್ಲಿ ಮಹಾಜನರೆಂದರೆ ಅಗ್ರಹಾರದ ಬ್ರಾಹ್ಮಣರು. ಲಕ್ಕುಂಡಿಯ ಮಹಾಜನರು ‘ಸಾಸಿರ್ವರು’. ಈಗ ಭಾಷಣಕಾರರು ‘ಮಹಾಜನಗಳೇ’ ಎಂದರೆ ಎದುರಿಗೆ ಕೂತವರೆಲ್ಲ ಅದರಲ್ಲಿ ಸೇರಿದರು. ಹಿಂದಿಯಲ್ಲಿ ಇದೇ ಪದ ಬಡ್ಡಿ ಸಾಹುಕಾರನಿಗೆ ಅಂಟಿಕೊಂಡಿದೆ. ಕಾಸರಗೋಡಿನ ಗಡಿ ವಿವಾದದ ಮಾತು ಬಂದಾಗ ನೆನಪಾಗುವ 1967ರ ‘ಮಹಾಜನ ವರದಿ’ಗೆ ಆ ಹೆಸರು ಬಂದದ್ದು ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಮನೆತನದ ಹೆಸರಿನಿಂದ.

ಪದದ ನಿಜವಾದ ಹೊರಳು ನಡೆದದ್ದು ಗುಜರಾತಿನಲ್ಲಿ. ಅಲ್ಲಿ ಮಹಾಜನ್ ಎಂದರೆ ವರ್ತಕರ ಕೂಟ. ಸರಕಿನ ದರ, ಅಂಗಡಿ ಮುಚ್ಚುವ ದಿನ, ವ್ಯಾಪಾರಿಗಳ ಜಗಳ ಎಲ್ಲವೂ ಅಲ್ಲೇ ತೀರ್ಮಾನವಾಗುತ್ತಿದ್ದವು. ವಹಿವಾಟಿನ ಮೇಲೆ ಎತ್ತಿದ ‘ಲಾಗಾ’ ಎಂಬ ವಂತಿಗೆಯಿಂದ ಮುದಿ ದನಗಳನ್ನು ಸಾಕುವ ಪಾಂಜರಾಪೋಳ ನಡೆಯುತ್ತಿತ್ತು. ಈ ಕೂಟದ ಬಲ ಸಣ್ಣದಲ್ಲ: 1669ರಲ್ಲಿ ಕಾಜಿಯ ಕಾಟಕ್ಕೆ ರೋಸಿ ಸೂರತ್ತಿನ ಸುಮಾರು 8,000 ಬನಿಯಾ ವರ್ತಕರು ಊರು ಬಿಟ್ಟು ಭರೂಚಿಗೆ ನಡೆದರು, ಪೇಟೆ ಸ್ತಬ್ಧವಾಯಿತು. ಕುಶಲಕರ್ಮಿಗಳ ಕೂಟಕ್ಕೆ ಮಾತ್ರ ಈ ಹೆಸರು ಸಲ್ಲದು. ಅದು ಬರೀ ‘ಪಂಚ್’.

ಮುಂದೆ ಈ ಹೆಸರು ಗಿರಣಿ ಕೂಲಿಗಳಿಗೂ ದಕ್ಕಿತು. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಅಹಮದಾಬಾದಿನ ಮೊದಲ ಬಟ್ಟೆ ಗಿರಣಿ ತೆರೆದರು. 1917ರ ಪ್ಲೇಗಿನಲ್ಲಿ ಕೂಲಿಗಳು ಓಡಿಹೋಗದಿರಲೆಂದು ಮಾಲೀಕರು ಕೊಟ್ಟ ಬೋನಸ್ಸು ಮರುವರ್ಷ ನಿಂತಿತು. ಕಾರ್ಮಿಕರು ಶೇ. 35 ಹೆಚ್ಚಳ ಕೇಳಿದರು, ಮಾಲೀಕರು ಶೇ. 20ಕ್ಕೆ ನಿಂತರು. ಮಾಲೀಕರ ಕಡೆ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಅವರ ಅಕ್ಕ ಅನಸೂಯಾಬೆನ್. ಕಾರ್ಮಿಕರ ಪರವಾಗಿ ಗಾಂಧೀಜಿ ಮೂರು ದಿನ ಉಪವಾಸ ಕೂತ ಮೇಲೆ ವ್ಯಾಜ್ಯ ಮಧ್ಯಸ್ಥಿಕೆಗೆ ಹೋಯಿತು. 1920ರಲ್ಲಿ ಕಾರ್ಮಿಕರ ಸಂಘ ಹುಟ್ಟಿದಾಗ ಅದಕ್ಕೆ ಬಿದ್ದ ಹೆಸರು ‘ಮಜೂರ್ ಮಹಾಜನ್’. ಪಂಚ್ ಅಲ್ಲ, ಮಹಾಜನ್! ಶೇಠರ ಪಟ್ಟವನ್ನೇ ಎತ್ತಿ ಕೂಲಿಯವನ ತಲೆಗಿಟ್ಟ ಹಾಗೆ. ಅಂದಹಾಗೆ, ಪಾರಸಿ ಮೂಲದ ಈ ‘ಮಜೂರ್’ ನಮ್ಮ ಅಕ್ಕಸಾಲಿಗರ ಚೀಟಿಯಲ್ಲಿ ಚಿನ್ನದ ಬೆಲೆಯ ಕೆಳಗೆ ಕಾಣುವ ‘ಮಜೂರಿ’ಯ ಬಂಧು.

ಈ ಸಂಘದ ಮಹಿಳಾ ವಿಭಾಗದಿಂದಲೇ 1972ರಲ್ಲಿ ಇಳಾ ಭಟ್ ಅವರ ‘ಸೇವಾ’ ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘ ಬೆಳೆಯಿತು. ಹಳೆಯ ಗಿರಣಿಗಳು ಬಹುಪಾಲು ಮುಚ್ಚಿವೆ. ಆದರೆ ಅಹಮದಾಬಾದಿನ ಮಸ್ಕತಿ ಮಾರುಕಟ್ಟೆಯ ಬಟ್ಟೆ ವರ್ತಕರ ಸಂಘ ಇವತ್ತಿಗೂ ತನ್ನನ್ನು ಮಹಾಜನ್ ಎಂದೇ ಕರೆದುಕೊಳ್ಳುತ್ತದೆ.