ಮೀಠಿ ನದಿಯ ಹೂಳಿನಲ್ಲಿ ಏನಿದೆ?

ಉರ್ದುವಿನಲ್ಲಿ 'ಮೀಠಿ' ಎಂದರೆ ಸಿಹಿ. ವಿಹಾರ್, ಪೊವಾಯಿ ಕೆರೆಗಳ ಕೋಡಿ ನೀರು ಹೊತ್ತು ಮಾಹಿಮ್ ಬಳಿ ಕಡಲು ಸೇರುವ ಈ ಮುಂಬೈ ನದಿ 2005ರ ಜುಲೈ 26ರಂದು ಮನೆಗಳಿಗೆ ನುಗ್ಗಿತು. ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ, ದಂಡೆಯ ಒತ್ತುವರಿ, ಚರಂಡಿಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು. ಮರುವರ್ಷ ಮಹಾರಾಷ್ಟ್ರ ಸರ್ಕಾರ 50 ಮೈಕ್ರಾನ್‌ಗಿಂತ ತೆಳುವಾದ ಚೀಲಗಳನ್ನು ನಿಷೇಧಿಸಿತು.

ಆದರೆ ಪ್ಲಾಸ್ಟಿಕ್ ತೆಳುವಿರಲಿ, ದಪ್ಪವಿರಲಿ, ಕೊಳೆಯಲ್ಲ. ಬಿಸಿಲಿಗೆ ಒಣಗಿ, ಒಡೆದು 5 ಮಿ.ಮೀ.ಗಿಂತ ಸಣ್ಣ ಚೂರಾಗುತ್ತೆ. ಅದೇ ಮೈಕ್ರೋಪ್ಲಾಸ್ಟಿಕ್. ಹೂಳಲ್ಲಿ ಕೂತಿದ್ದು, ನೆರೆ ಬಂದಾಗ ಎದ್ದು ದಂಡೆಗೂ ಕಡಲಿಗೂ ಹರಡುತ್ತೆ.

ಹರಿವ ಹೊಳೆಯಲ್ಲಿ ವುಝೂ ಮಾಡಿದರೂ ನೀರು ಪೋಲು ಮಾಡಬಾರದು ಅಂತ ಕಲಿತವರು ನಾವು. ಹೊಳೆಯನ್ನೇ ಕೆಡಿಸುವಾಗ ಆ ಪಾಠ ಯಾಕೆ ನೆನಪಾಗಲಿಲ್ಲ? ನೀವೇ ಹೇಳಿ.