ತರ್ಕದ ಮೊದಲ ಪುಸ್ತಕ ಯಾವುದು?

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗನೊಬ್ಬ ತಾನೇ ಕಟ್ಟುತ್ತಿದ್ದ ಒಂದು ಹೊಸ ಭಾಷೆಯ ನೋಟ್‌ಬುಕ್ ತಂದು ತೋರಿಸಿದ. "ಸರ್, ಇದರಲ್ಲಿ ಒಂದು ಮಾತಿಗೆ ಎರಡು ಅರ್ಥ ಬರಬಾರದು. ಅದಕ್ಕೆ ಮೊದಲು ಯಾವ ತರ್ಕದ ಪುಸ್ತಕ ಓದಲಿ?" ಎಂದು ಕೇಳಿದ. ಮೊದಲು ಪರೀಕ್ಷೆಗೆ ಓದು ಎಂದು ಗದರಿಸಿ ಕಳುಹಿಸಿದೆ. ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ.

ನಮ್ಮ ಶ್ರವಣಬೆಳಗೊಳ ತರ್ಕದ ನೆಲ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿ ಶಾಸನವು ಸಮಂತಭದ್ರ, ಅಕಲಂಕ ಮುಂತಾದ ಮಹಾವಾದಿಗಳನ್ನು ಸ್ಮರಿಸುತ್ತದೆ. ಅಕಲಂಕರ ಗ್ರಂಥಗಳು ಬಹಳ ಕಠಿಣ. ಅವುಗಳ ಸಾರವನ್ನು ಮಾಣಿಕ್ಯನಂದಿಗಳು ‘ಪರೀಕ್ಷಾಮುಖ’ ಎಂಬ ಚಿಕ್ಕ ಸೂತ್ರಗ್ರಂಥದ ಆರು ಅಧ್ಯಾಯಗಳಿಗೆ ಇಳಿಸಿದರು. ಕೊನೆಯ ಅಧ್ಯಾಯ ತಪ್ಪು ವಾದಗಳನ್ನು ಗುರುತಿಸುವುದಕ್ಕೇ ಮೀಸಲು. ಸಂಸ್ಕೃತ ಪಾಠಶಾಲೆಗಳಲ್ಲಿ 17ನೇ ಶತಮಾನದ ಅನ್ನಂಭಟ್ಟರ ‘ತರ್ಕಸಂಗ್ರಹ’ ಮೊದಲ ಪುಸ್ತಕವಾಯಿತು.

ಅರಬ್ಬಿಯಲ್ಲಿ ತರ್ಕಕ್ಕೆ ‘ಮಂತಿಖ್’ ಎನ್ನುತ್ತಾರೆ. ಅದರ ಮೂಲ ‘ನುತ್ಖ್’, ಅಂದರೆ ಮಾತು. ಮದರಸಾಗಳ ಮೊದಲ ಮಂತಿಖ್ ಪುಸ್ತಕಗಳಲ್ಲೊಂದು 13ನೇ ಶತಮಾನದ ಅಸೀರುದ್ದೀನ್ ಅಬ್‌ಹರಿಯವರ ‘ಈಸಾಗೋಜಿ’. ಕೆಲವೇ ಪುಟಗಳ ಈ ಕೃತಿ ಆರಂಭವಾಗುವುದೇ ಪದ ಮತ್ತು ಅರ್ಥದ ಸಂಬಂಧದಿಂದ. ‘ಮನುಷ್ಯ’ ಎಂದರೆ ವಿವೇಕವುಳ್ಳ ಪ್ರಾಣಿ. ‘ಪ್ರಾಣಿ’ ಎಂಬುದು ಆ ಅರ್ಥದ ಒಂದು ಭಾಗ. ‘ಕಲಿಯಬಲ್ಲವನು’ ಎಂಬುದು ಅದರ ಜೊತೆಗೆ ಬರುವ ಅರ್ಥ. ಭಾಷೆ ಕಟ್ಟುವವನಿಗೆ ಇದು ಒಳ್ಳೆಯ ಮೊದಲ ಪಾಠ.

ಒಂದು ಎಚ್ಚರಿಕೆಯೂ ಉಂಟು. 10ನೇ ಶತಮಾನದಲ್ಲಿ ಬಾಗ್ದಾದಿನ ವಜೀರರ ಸಭೆಯಲ್ಲಿ ವ್ಯಾಕರಣ ಪಂಡಿತ ಅಬೂ ಸಈದ್ ಸೀರಾಫಿಯವರು ತರ್ಕಪಂಡಿತ ಮತ್ತಾ ಇಬ್ನ್ ಯೂನುಸರೊಡನೆ ವಾದಕ್ಕಿಳಿದರು. ಗ್ರೀಕರ ತರ್ಕ ಗ್ರೀಕ್ ಭಾಷೆಯಿಂದ ಹುಟ್ಟಿದ್ದು, ಅದು ಇತರರನ್ನು ಹೇಗೆ ಕಟ್ಟಿಹಾಕೀತು ಎಂಬುದು ಸೀರಾಫಿಯವರ ಪ್ರಶ್ನೆ. ತಾಯ್ನುಡಿಯ ರೂಢಿಯನ್ನೇ ತರ್ಕದ ನಿಯಮವೆಂದು ನಾವೂ ಭ್ರಮಿಸಬಹುದು. ‘ಎಲ್ಲ ಮಕ್ಕಳೂ ಬಂದಿಲ್ಲ’ ಎನ್ನುತ್ತೇವೆ. ಯಾರೂ ಬಂದಿಲ್ಲವೋ, ಕೆಲವರು ಮಾತ್ರ ಬಂದಿಲ್ಲವೋ? ಜರ್ಮನಿಯ ಫ್ರೇಗೆ 1879ರಲ್ಲಿ ರೂಪಿಸಿದ ಸಂಕೇತಗಳಲ್ಲಿ ಈ ಎರಡು ಅರ್ಥಗಳಿಗೆ ಎರಡು ಬೇರೆ ರೂಪಗಳಿವೆ. ಇಂಥ ತರ್ಕದ ಮೇಲೆಯೇ ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ‘ಲಾಗ್ಲಾನ್’ ಎಂಬ ಭಾಷೆ ಕಟ್ಟಲು ತೊಡಗಿದರು.

ಆದ್ದರಿಂದ ವಿದ್ಯಾರ್ಥಿಗಳೇ, ಮೊದಲ ಪುಸ್ತಕ ಚಿಕ್ಕದಾಗಿರಲಿ, ಅಭ್ಯಾಸಗಳೂ ಉತ್ತರಗಳೂ ಇರಲಿ. ‘ಮತ್ತು’, ‘ಅಥವಾ’ಗಳಿಗೇ ನಿಲ್ಲದೆ ‘ಎಲ್ಲ’, ‘ಕೆಲವು’, ‘ಇಲ್ಲ’ದವರೆಗೂ ಕರೆದೊಯ್ಯುವಂತಿರಲಿ. ದಪ್ಪ ಪುಸ್ತಕಗಳು ಆಮೇಲೆ.

ಆ ಹುಡುಗ ಈಗ ಪಿಯುಸಿಯಲ್ಲಿದ್ದಾನೆ. ತಡವಾದರೂ ಅವನ ಪ್ರಶ್ನೆಗೆ ನನ್ನ ಉತ್ತರ ಇದು. ಸಂಚಿಕೆಯ ಒಂದು ಪ್ರತಿಯನ್ನು ಅವನಿಗೆ ನಾನೇ ಕೊಟ್ಟು ಬರುತ್ತೇನೆ.