ಒಡೆಯನಿಲ್ಲದ ಜಾಲಗಳಿಗೆ ಹೊಸಬರ ಪ್ರವೇಶ

ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಲ್ಲಿ ಪ್ರಸಾರ ಆರಂಭಿಸಿತು. ಮುಂದೆ 675 ಕಿಲೋಹರ್ಟ್ಸ್ ಎಂಬ ಅಂಕೆ ಮಲೆನಾಡಿನ ಮನೆಗಳಿಗೆ ಚಿರಪರಿಚಿತವಾಯಿತು. ಮುಳ್ಳನ್ನು ಅಲ್ಲಿಗೆ ತಂದರೆ ಸಾಕು, ಶಿವಮೊಗ್ಗದ ಅಂಗಡಿಯಲ್ಲೂ ತೀರ್ಥಹಳ್ಳಿಯ ತೋಟದ ಮನೆಯಲ್ಲೂ ಒಂದೇ ಹಾಡು. ರೇಡಿಯೋ ಇಟ್ಟುಕೊಳ್ಳಲೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿದ್ದ ಕಾಲವೊಂದಿತ್ತು ಎಂದರೆ ಇಂದಿನ ಓದುಗರು ನಗಬಹುದು. 1980ರ ದಶಕದಲ್ಲಿ ಅದು ರದ್ದಾಯಿತು. ಅದನ್ನು ಬಿಟ್ಟರೆ ಕೇಳುಗನಾಗಲು ಬೇರೆ ಅರ್ಹತೆ ಬೇಕಿರಲಿಲ್ಲ. ಜಾಲಕ್ಕೆ ಒಂದೇ ಕೇಂದ್ರ; ಹೇಳುವವರು ಒಬ್ಬರು, ಉಳಿದವರೆಲ್ಲ ಕೇಳುವವರು.

ಅದೇ ಆಕಾಶದಲ್ಲಿ ಇನ್ನೊಂದು ಬಗೆಯ ಜಾಲವೂ ಇತ್ತು, ಈಗಲೂ ಇದೆ. ಅದು ಹ್ಯಾಮ್ ಅಥವಾ ಹವ್ಯಾಸಿ ರೇಡಿಯೋ. ಭಾರತದಲ್ಲಿ ಇದರ ಮೊದಲ ಲೈಸೆನ್ಸ್ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ ಸಿಕ್ಕಿತು. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ 1959ರಷ್ಟು ಹಳೆಯದು. ಇಲ್ಲಿ ಕೇಂದ್ರವೆಂಬುದೇ ಇಲ್ಲ. ಪ್ರತಿಯೊಬ್ಬ ಹ್ಯಾಮ್‌ನ ಮನೆಯೂ ಒಂದು ಪೂರ್ಣ ಠಾಣೆ, ಕಳಿಸಬಲ್ಲದು, ಕೇಳಬಲ್ಲದು. ಇಂದು ನಾವು ವಿಕೇಂದ್ರಿತ ಸಾಮಾಜಿಕ ಜಾಲ ಎನ್ನುವುದರ ಗುಣವೆಲ್ಲ ಇದರಲ್ಲಿತ್ತು. ಹೊಸಬರಿಗೆ ಆಗುವ ತೊಂದರೆಯೂ ಇತ್ತು.

ನೀವು 1980ರ ಸುಮಾರಿಗೆ ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದೀರಿ, ಹ್ಯಾಮ್ ಆಗುವ ಆಸೆ ಹುಟ್ಟಿದೆ ಎಂದಿಟ್ಟುಕೊಳ್ಳಿ. ಮೊದಲ ತೊಡಕು ಕಿವಿಗೇ. ಹ್ಯಾಮ್‌ಗಳ ಮಾತಿಗೆ ಆ ಹೊತ್ತಿಗೆ ಎಸ್‌ಎಸ್‌ಬಿ ವಿಧಾನ ರೂಢಿಗೆ ಬಂದಿತ್ತು. ಶಕ್ತಿ ಉಳಿಸಲೆಂದು ವಾಹಕ ತರಂಗವನ್ನೂ ಅದರ ಒಂದು ಪಕ್ಕದ ಪಟ್ಟಿಯನ್ನೂ ತೆಗೆದು, ಉಳಿದ ಪಟ್ಟಿಯನ್ನಷ್ಟೇ ಕಳಿಸುವ ವಿಧಾನವಿದು. ಮನೆಯ ರೇಡಿಯೋ ವಾಹಕ ತರಂಗವನ್ನು ನಂಬಿ ಕೆಲಸ ಮಾಡುವಂಥದು. ಅದರಲ್ಲಿ ಈ ಮಾತು ಬಾತುಕೋಳಿಯ ಕೂಗಿನಂತೆ ಕೇಳುತ್ತದೆ, ಒಂದಕ್ಷರವೂ ತಿಳಿಯದು. ಕಾಣೆಯಾದ ವಾಹಕವನ್ನು ಗ್ರಾಹಕದೊಳಗೇ ಹುಟ್ಟಿಸುವ ಪುಟ್ಟ ಆಂದೋಲಕವೊಂದನ್ನು ಕಟ್ಟಿ ಸೇರಿಸಿದರೆ ಮಾತು ತಿಳಿಯಾಗುತ್ತದೆ. ಆದರೆ ಇದನ್ನು ನಿಮಗೆ ಹೇಳುವವರು ಯಾರು? ಸೆಟ್ಟು ಕೆಟ್ಟಿದೆ ಎಂದುಕೊಂಡು ಮುಳ್ಳನ್ನು ಮತ್ತೆ ಭದ್ರಾವತಿಗೆ ತಿರುಗಿಸುತ್ತೀರಿ.

ಹೇಗೋ ತಿಳಿಯಿತೆನ್ನಿ. ಮುಂದೆ 1978ರ ಹವ್ಯಾಸಿ ರೇಡಿಯೋ ನಿಯಮಾವಳಿ ಎದುರಾಗುತ್ತದೆ. ರೇಡಿಯೋ ತತ್ತ್ವ ಮತ್ತು ನಿಯಮಗಳ ಬಗ್ಗೆ ಲಿಖಿತ ಪರೀಕ್ಷೆ. ಎರಡನೇ ದರ್ಜೆಗೆ ಮಾರ್ಸ್ ಸಂಕೇತದಲ್ಲಿ ನಿಮಿಷಕ್ಕೆ 5 ಪದಗಳ, ಎಂದರೆ 25 ಅಕ್ಷರಗಳ ವೇಗ. ಅರ್ಜಿದಾರರ ಪೂರ್ವಾಪರದ ವಿಚಾರಣೆ ಬೇರೆ. ಇಷ್ಟೆಲ್ಲ ಮುಗಿಸಿ ಲೈಸೆನ್ಸ್ ಬಂದರೂ ಷಾರ್ಟ್‌ವೇವ್‌ನಲ್ಲಿ ಬಾಯಿಬಿಟ್ಟು ಮಾತನಾಡುವಂತಿರಲಿಲ್ಲ. ಮಾರ್ಸ್‌ನಲ್ಲಿ ಇತರ ಹ್ಯಾಮ್‌ಗಳೊಡನೆ 100 ಸಂಪರ್ಕ ಸಾಧಿಸಿದ್ದಕ್ಕೆ ಪುರಾವೆ ಕೊಟ್ಟ ಮೇಲೆಯೇ ಧ್ವನಿಗೆ ಅನುಮತಿ ಕೇಳಬಹುದಿತ್ತು.

ಈ ಅಡೆತಡೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೆಟ್ಟದಾಗಿ ಕಟ್ಟಿದ ಪ್ರೇಷಕವೊಂದು ಬೇರೆಯವರ ಆವರ್ತಾಂಕಕ್ಕೆ ನುಗ್ಗಿ ತೊಂದರೆ ಕೊಡುತ್ತದೆ. ಆದ್ದರಿಂದ ಲಿಖಿತ ಪರೀಕ್ಷೆಗೆ ಅರ್ಥವಿದೆ. ಮಾರ್ಸ್ ಕಡ್ಡಾಯಕ್ಕೆ ಅಷ್ಟು ಗಟ್ಟಿಯಾದ ಕಾರಣ ಕೊನೆಕೊನೆಗೆ ಉಳಿದಿರಲಿಲ್ಲ. 2003ರ ವಿಶ್ವ ರೇಡಿಯೋ ಸಂವಹನ ಸಮ್ಮೇಳನ ಅದನ್ನು ಆಯಾ ದೇಶಗಳ ಇಷ್ಟಕ್ಕೆ ಬಿಟ್ಟಿತು. ಮುಂದೆ ಭಾರತದಲ್ಲೂ ಮಾರ್ಸ್ ಬಾರದವರಿಗೆ ಷಾರ್ಟ್‌ವೇವ್ ತೆರೆಯಿತು.

ನಿಯಮದಲ್ಲಿ ಬರೆಯದೇ ಇದ್ದ ತೊಡಕೇ ದೊಡ್ಡದು ಎಂದು ನನಗನಿಸುತ್ತದೆ. ಮೊದಲು ಬಹಳ ಹೊತ್ತು ಕೇಳಬೇಕು. ಆವರ್ತಾಂಕ ಖಾಲಿಯಿದೆಯೇ ಎಂದು ವಿಚಾರಿಸಬೇಕು. ಆಮೇಲೆ ಕರೆಸಂಕೇತ ಹೇಳಿ ಕಾಯಬೇಕು. ಇಂಥ ನಡವಳಿಕೆ ಹಳಬರ ಪಕ್ಕ ಕುಳಿತು ಕಲಿಯುವಂಥದು. ಬೆಂಗಳೂರಿನವರಿಗೆ ಕ್ಲಬ್ಬಿತ್ತು, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಯಿತ್ತು. ಶಿವಮೊಗ್ಗದವರಿಗೆ ಅದು ರೈಲಿನಲ್ಲಿ ಒಂದು ರಾತ್ರಿಯ ದಾರಿ. ಕೇಂದ್ರವಿಲ್ಲದ ಜಾಲದಲ್ಲಿ ಹೊಸಬರನ್ನು ಬರಮಾಡಿಕೊಳ್ಳುವುದು ಯಾರ ಉದ್ಯೋಗವೂ ಅಲ್ಲ. ಹಳಬರು ತಾವಾಗಿ ವಹಿಸಿಕೊಂಡರೆ ಮಾತ್ರ ಅದು ನಡೆಯುತ್ತದೆ.

ಇಷ್ಟು ಕಷ್ಟಪಟ್ಟು ಸೇರಿದ್ದಕ್ಕೆ ಫಲವೇನು? 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ ದ್ವೀಪಗಳ ಮಾಮೂಲು ಸಂಪರ್ಕ ಕಡಿದುಬಿತ್ತು. ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರ ಹ್ಯಾಮ್ ಠಾಣೆ ಸಂದೇಶಗಳನ್ನು ಮುಖ್ಯಭೂಮಿಗೆ ತಲುಪಿಸಿತು.

ಈಗ ಗಣಕದ ಜಾಲಕ್ಕೆ ಬರೋಣ. 2016ರಲ್ಲಿ ಜರ್ಮನಿಯ ಯೂಜೆನ್ ರಾಕ್ಕೊ ಮಾಸ್ಟಡಾನ್ ತಂತ್ರಾಂಶವನ್ನು ಹೊರತಂದರು. ಇದು ಒಂದು ಕಂಪನಿಯ ತಾಣವಲ್ಲ. ಯಾರು ಬೇಕಾದರೂ ತಮ್ಮ ಸರ್ವರ್ ನಡೆಸಬಹುದು. ಆಕ್ಟಿವಿಟಿಪಬ್ ಎಂಬ ಒಪ್ಪಂದದ ಮೂಲಕ ಸರ್ವರ್‌ಗಳು ಒಂದರೊಡನೊಂದು ಮಾತನಾಡುತ್ತವೆ. 2018ರಲ್ಲಿ ಇದಕ್ಕೆ ಡಬ್ಲ್ಯು3ಸಿ ಸಂಸ್ಥೆಯ ಮನ್ನಣೆ ದೊರಕಿತು. 2019ರ ನವೆಂಬರಿನಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದದ್ದನ್ನು ವಿರೋಧಿಸಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಇತ್ತ ಬಂದರು. ಬಂದವರಲ್ಲಿ ಬಹಳ ಜನ ನಿಲ್ಲಲಿಲ್ಲ.

ಯಾಕೆ? ಶಿವಮೊಗ್ಗದ ಎಸ್‌ಟಿಡಿ ಸಂಕೇತ 08182, ಭದ್ರಾವತಿಯದು 08282. ಊರುಗಳ ನಡುವೆ ಸುಮಾರು 20 ಕಿ.ಮೀ. ಊರೊಳಗೆ ಬರಿಯ ಸಂಖ್ಯೆ ಸಾಕು. ಪಕ್ಕದ ಊರಿಗೆ ಸಂಕೇತವೂ ಬೇಕು. ಮಾಸ್ಟಡಾನ್ ವಿಳಾಸವೂ ಹೀಗೆಯೇ. ಹೆಸರಿನ ಜೊತೆ ಸರ್ವರ್ ಹೆಸರೂ ಸೇರಬೇಕು. ಫೋನಿನಲ್ಲಿ ಎಕ್ಸ್‌ಚೇಂಜನ್ನು ನೀವು ಆರಿಸಬೇಕಿರಲಿಲ್ಲ, ನಿಮ್ಮ ಮನೆ ಇರುವ ಊರೇ ಅದನ್ನು ತೀರ್ಮಾನಿಸುತ್ತಿತ್ತು. ಇಲ್ಲಿ ಮೊದಲ ಪುಟದಲ್ಲೇ ಸರ್ವರ್ ಆರಿಸಬೇಕು. ಅವುಗಳ ವ್ಯತ್ಯಾಸ ತಿಳಿಯುವುದು ಒಳಗೆ ಹೋದ ಮೇಲೆ! ಮುಂದೆ ಬದಲಾಯಿಸಿದರೆ ಹಿಂಬಾಲಕರನ್ನು ಕರೆದೊಯ್ಯಬಹುದು, ಹಳೆಯ ಬರಹಗಳನ್ನಲ್ಲ.

ಈ ಗೊಂದಲ ಕಳೆಯಲು 2023ರ ಮೇ ತಿಂಗಳಲ್ಲಿ ಮಾಸ್ಟಡಾನ್‌ನ ಅಧಿಕೃತ ಆ್ಯಪ್ ಹೊಸಬರ ಮುಂದೆ ತನ್ನದೇ ದೊಡ್ಡ ಸರ್ವರನ್ನು ನೇರವಾಗಿ ಇಡತೊಡಗಿತು. ಬಾಗಿಲು ಅಗಲವಾಯಿತು, ನಿಜ. ಆದರೆ ಎಲ್ಲರೂ ಒಂದೇ ಮನೆಗೆ ನುಗ್ಗಿದರೆ ಕೇಂದ್ರ ಮರಳಿ ಬಂದಂತಾಯಿತಲ್ಲ ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಇ-ಮೇಲ್ ಕೂಡ ಹುಟ್ಟಿನಿಂದ ಒಡೆಯನಿಲ್ಲದ ಜಾಲವೇ. ಈಗ ನಮ್ಮಲ್ಲಿ ಬಹುಪಾಲು ಜನರಿಗೆ ಇ-ಮೇಲ್ ಎಂದರೆ ಜಿಮೇಲ್.

ಒಂದೇ ಒಡೆಯನ ಜಾಲದ ಕಷ್ಟ ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ ಹುಟ್ಟಿ ಕನ್ನಡದಿಂದಲೇ ಆರಂಭವಾದ ಕೂ ತಾಣಕ್ಕೆ ಸೇರುವುದು ಬಹಳ ಸುಲಭವಿತ್ತು. 2024ರ ಜುಲೈನಲ್ಲಿ ಸಂಸ್ಥಾಪಕರು ಅದನ್ನು ಮುಚ್ಚುವುದಾಗಿ ಘೋಷಿಸಿದರು. ಅಲ್ಲಿ ಕನ್ನಡದಲ್ಲಿ ಬರೆದವರೆಲ್ಲರಿಗೂ ಒಂದೇ ಸಲ ಬಾಗಿಲು ಹಾಕಿತು.

ನೀವು ಈಗ ಮಾಸ್ಟಡಾನ್ ಸೇರಿದರೆ ಮೊದಲ ದಿನ ಕಾಣುವುದು ಬಹುತೇಕ ಖಾಲಿ ಪುಟ. ಇದು ದೋಷವಲ್ಲ, ಜಾಲದ ರಚನೆಯೇ ಹಾಗೆ. ಒಂದು ಸರ್ವರ್‌ಗೆ ಹೊರಗಿನ ಬರಹ ಸಾಮಾನ್ಯವಾಗಿ ಬರುವುದು ಅಲ್ಲಿನ ಯಾರಾದರೂ ಹೊರಗಿನ ಬರಹಗಾರರನ್ನು ಹಿಂಬಾಲಿಸಿದಾಗ. ಕನ್ನಡದ ಹ್ಯಾಷ್‌ಟ್ಯಾಗ್ ಹುಡುಕಿದರೂ ನಿಮ್ಮ ಸರ್ವರ್‌ಗೆ ತಲುಪಿದ ಬರಹಗಳಷ್ಟೇ ಸಿಗುತ್ತವೆ. ಬಾತುಕೋಳಿಯ ಕೂಗು ಕೇಳಿ ಸೆಟ್ಟು ಕೆಟ್ಟಿದೆ ಎಂದುಕೊಂಡವರಂತೆ ಹೊಸಬರು ಇಲ್ಲಿ ಕನ್ನಡಿಗರೇ ಇಲ್ಲ ಎಂದುಕೊಂಡು ಹೊರಟುಬಿಡುತ್ತಾರೆ. ಕನ್ನಡದಲ್ಲಿ ಬರೆಯುವ ಹತ್ತು ಜನರ ಪೂರ್ಣ ವಿಳಾಸವನ್ನು ಹಳಬರೊಬ್ಬರಿಂದ ಕೇಳಿ ಪಡೆದು ಹಿಂಬಾಲಿಸಿ. ಅವರು ಮುಂದೆ ಬರೆಯುವುದು ನಿಮ್ಮ ಸರ್ವರ್‌ಗೆ ಬರತೊಡಗುತ್ತದೆ, ನಿಮ್ಮ ನಂತರ ಅದೇ ಸರ್ವರ್ ಸೇರುವ ಕನ್ನಡಿಗರಿಗೂ ಅದು ಸಿಗುತ್ತದೆ.